ಎಲ್ಲ ಸಿಸ್ಟಮ್ಮೂ ಎಲ್ಲರಿಗೂ ಕಾಣಬೇಕೆಂಬ ಹಟ

"ಮೇಲಿನ ಮಹಡಿಯ ಸಿಸ್ಟಂಗಳು ನಮಗೆ ಕಾಣಿಸ್ತಾ ಇಲ್ಲ." ಹತ್ತು ಕಂಪ್ಯೂಟರ್ ಇರುವ ಯಾವ ಕಚೇರಿಗೆ ಹೋದರೂ ಈ ದೂರು ಕಿವಿಗೆ ಬೀಳುತ್ತದೆ. ಆಸ್ಪತ್ರೆಯ ಬಿಲ್ಲಿಂಗ್ ಕೌಂಟರ್, ಸಹಕಾರಿ ಬ್ಯಾಂಕಿನ ಶಾಖೆ, ಕಾಲೇಜಿನ ಆಡಳಿತ ವಿಭಾಗ, ಲೆಕ್ಕಪರಿಶೋಧಕರ ಆಫೀಸು, ಎಲ್ಲ ಕಡೆಯೂ ಒಂದೇ ರಾಗ. ದೂರು ಹೋದ ಮೇಲೆ ವಾರ್ಷಿಕ ನಿರ್ವಹಣೆಯ (ಎಎಂಸಿ) ಕಂಪನಿಯ ಹುಡುಗ ಬರುತ್ತಾನೆ. ಎರಡು ಸ್ವಿಚ್‌ಗಳ ನಡುವೆ ಒಂದು ಕೇಬಲ್ ಎಳೆಯುತ್ತಾನೆ. ಇಲ್ಲವೇ ಫೈರ್‌ವಾಲ್‌ನಲ್ಲಿ 'ಎನಿ ಟು ಎನಿ, ಅಲೋ' ಎಂಬ ಒಂದು ಸಾಲು ಸೇರಿಸುತ್ತಾನೆ. ಪ್ರತಿ ಸಿಸ್ಟಂನ ವಿಂಡೋಸ್ ಫೈರ್‌ವಾಲನ್ನೂ ಆರಿಸುತ್ತಾನೆ. ಪರದೆಯ ಮೇಲೆ ಐಕಾನ್‌ಗಳು ಸಾಲಾಗಿ ಮೂಡುತ್ತವೆ. ಮ್ಯಾನೇಜರ್ ಸಂತೋಷದಿಂದ ಸರ್ವಿಸ್ ರಿಪೋರ್ಟಿಗೆ ಸಹಿ ಹಾಕುತ್ತಾರೆ. ತಾವು ಯಾವುದಕ್ಕೆ ಸಹಿ ಹಾಕಿದೆವೆಂದು ಅವರಿಗೆ ಗೊತ್ತಿಲ್ಲ. ನಮ್ಮ ಯಾವುದೋ ಒಂದು ಕಂಪ್ಯೂಟರಿಗೆ ವೈರಸ್ ಹೊಕ್ಕರೆ ಉಳಿದೆಲ್ಲದಕ್ಕೂ ಅದು ಹೋಗಿಬರಲು ನಮ್ಮ ಅಭ್ಯಂತರವಿಲ್ಲ ಎಂಬ ಒಪ್ಪಿಗೆ ಪತ್ರಕ್ಕೆ ಅವರು ಸಹಿ ಹಾಕಿದ್ದಾರೆ.

ನೆಟ್‌ವರ್ಕ್ ಅಂದಮೇಲೆ ಎಲ್ಲವೂ ಎಲ್ಲಕ್ಕೂ ಕಾಣಬೇಕು, ಕಾಣದಿದ್ದರೆ ಅದು ಕೆಟ್ಟಿದೆ, ಕಾಣಿಸಿಕೊಟ್ಟವನೇ ಜಾಣ. ಈ ನಂಬಿಕೆ ನಮ್ಮ ಕಚೇರಿಗಳಲ್ಲಿ ಎಷ್ಟು ಬೇರೂರಿದೆಯೆಂದರೆ ಅದನ್ನು ಯಾರೂ ನಂಬಿಕೆ ಎಂದುಕೊಂಡೇ ಇಲ್ಲ. ಪ್ರಶ್ನಿಸಿದವರಿಗೆ "ಸೆಕ್ಯುರಿಟಿ ಸೆಕ್ಯುರಿಟಿ ಅಂತ ಕೆಲಸ ಕೆಡಿಸೋರು" ಎಂಬ ಬಿರುದು ಕಾದಿರುತ್ತದೆ. ಬಿರುದು ಸಿಗಲಿ. ಈ ನಂಬಿಕೆ ತಪ್ಪು, ಅಪಾಯಕಾರಿ, ಎಲ್ಲಕ್ಕಿಂತ ಹೆಚ್ಚಾಗಿ ಸೋಮಾರಿತನದ್ದು.

ಮೊದಲು ಈ ಕಾಮಿಡಿಯನ್ನು ನೋಡಿ. ಕಚೇರಿಯ ಜಾಲವನ್ನು ಭಾಗ ಭಾಗ ಮಾಡಲೆಂದೇ ನಾವು ದುಡ್ಡು ಕೊಟ್ಟು ಮ್ಯಾನೇಜ್ಡ್ ಸ್ವಿಚ್ ತರಿಸುತ್ತೇವೆ. ಒಂದೇ ಸ್ವಿಚ್ಚನ್ನು ಹಲವು ಜಾಲಗಳಾಗಿ ಹಂಚುವ ವಿಎಲ್ಯಾನ್ ವಿಧಾನಕ್ಕೆ 802.1ಕ್ಯೂ ಎಂಬ ಮಾನಕ ಬಂದದ್ದು 1998ರಲ್ಲಿ. ಒಂದು ಜಾಲದಲ್ಲಿ 4,094 ಭಾಗಗಳನ್ನು ಮಾಡಲು ಅದು ಅವಕಾಶ ಕೊಡುತ್ತದೆ. ಲೆಕ್ಕಪತ್ರ ವಿಭಾಗಕ್ಕೆ ಒಂದು, ಸಿಬ್ಬಂದಿ ವಿಭಾಗಕ್ಕೆ ಒಂದು, ಸಿಸಿಟಿವಿಗೆ ಒಂದು, ಬಂದುಹೋಗುವವರ ವೈಫೈಗೆ ಒಂದು ಎಂದು ನಕ್ಷೆ ಬರೆಸುತ್ತೇವೆ, ಆ ನಕ್ಷೆಗೂ ಬಿಲ್ ಕಟ್ಟುತ್ತೇವೆ. ಕೆಲವೇ ದಿನಗಳಲ್ಲಿ ಮೊದಲ ದೂರು ಬರುತ್ತದೆ. ಆಗ ಸಬ್‌ನೆಟ್ ಮಾಸ್ಕ್ 255.255.0.0 ಆಗಿ ಭಾಗಗಳೆಲ್ಲ (ಸಬ್‌ನೆಟ್‌ಗಳು) ಒಂದಾಗುತ್ತವೆ; ಯಾವುದೋ ಹಳೆಯ ಡೆಸ್ಕ್‌ಟಾಪಿಗೆ ಎರಡನೆಯ ಲ್ಯಾನ್ ಕಾರ್ಡ್ ಸಿಕ್ಕಿಸಿ ಎರಡು ಭಾಗಗಳ ನಡುವೆ ಸೇತುವೆ ಕಟ್ಟಲಾಗುತ್ತದೆ. ಕಟ್ಟಿಸಲು ಒಂದು ಬಿಲ್, ಕೆಡವಲು ಇನ್ನೊಂದು. ನಕ್ಷೆ ಮಾತ್ರ ಫೈಲಿನಲ್ಲಿ ಭದ್ರವಾಗಿರುತ್ತದೆ, ಆಡಿಟ್‌ಗೆ ಬಂದವರಿಗೆ ತೋರಿಸಲು ಬೇಕಲ್ಲ!

ಅಷ್ಟಕ್ಕೂ ಎಲ್ಲರೂ ಹಂಬಲಿಸುವ ಆ ಐಕಾನ್ ಪಟ್ಟಿಯ ಯೋಗ್ಯತೆ ಏನು? ಅದರ ಹಿಂದಿರುವ ನೆಟ್‌ಬಯಾಸ್ ಹುಟ್ಟಿದ್ದು 1983ರಲ್ಲಿ, ಐಬಿಎಂ ಪಿಸಿ ನೆಟ್‌ವರ್ಕ್‌ಗಾಗಿ ಸೈಟೆಕ್ ಎಂಬ ಕಂಪನಿಯ ಕೈಯಲ್ಲಿ. ಒಂದೇ ತಂತಿಯ ಮೇಲಿರುವ ಒಂದಷ್ಟು ಕಂಪ್ಯೂಟರ್‌ಗಳು ಪರಸ್ಪರ ಕೂಗಿ ಕರೆದುಕೊಳ್ಳಲು ಮಾಡಿದ ಏರ್ಪಾಡು ಅದು. ಹೆಸರಿಗೆ 15 ಅಕ್ಷರದ ಮಿತಿ. ರೌಟರ್ ದಾಟಿ ಬೇರೆ ಜಾಲಕ್ಕೆ ಹೋಗುವ ಯೋಚನೆಯೇ ಅದರಲ್ಲಿರಲಿಲ್ಲ. ವಿಂಡೋಸ್ 95ರ 'ನೆಟ್‌ವರ್ಕ್ ನೇಬರ್‌ಹುಡ್' ಈ ಕೂಗಾಟದ ಮೇಲೆ ಚಂದದ ಚಿತ್ರ ಅಂಟಿಸಿತು. ಚಿತ್ರದ ಹಿಂದೆ ನಡೆಯುತ್ತಿದ್ದುದು ಹೀಗೆ: ಪ್ರತಿ ಸಬ್‌ನೆಟ್‌ನ ಕಂಪ್ಯೂಟರ್‌ಗಳು ತಮ್ಮತಮ್ಮಲ್ಲೇ ಚುನಾವಣೆ ನಡೆಸಿ ಒಬ್ಬ 'ಮಾಸ್ಟರ್ ಬ್ರೌಸರ್' ಅನ್ನು ಆರಿಸುತ್ತವೆ. ಉಳಿದವು ಹನ್ನೆರಡು ನಿಮಿಷಕ್ಕೊಮ್ಮೆ "ನಾನಿದ್ದೇನೆ" ಎಂದು ಹಾಜರಿ ಕೂಗುತ್ತವೆ. ಸತತ ಮೂರು ಸಲ ಕೂಗು ಕೇಳದಿದ್ದರೆ ಮಾತ್ರ ಪಟ್ಟಿಯಿಂದ ಹೆಸರು ಹೋಗುತ್ತದೆ. ಅಂದರೆ ವಿದ್ಯುತ್ ಹೋಗಿ ಆರಿಹೋದ ಕಂಪ್ಯೂಟರ್ 36 ನಿಮಿಷ ಪಟ್ಟಿಯಲ್ಲಿ ಜೀವಂತವಾಗಿರಬಹುದು. ಎದುರಿಗೇ ಕೂತು ಕೆಲಸ ಮಾಡುತ್ತಿರುವ ಕಂಪ್ಯೂಟರ್ ಕಾಣದೆಯೂ ಇರಬಹುದು. ಇಷ್ಟು ಸುಳ್ಳು ಹೇಳುವ ಹಾಜರಿ ಪುಸ್ತಕವನ್ನು ಗುಮಾಸ್ತರೊಬ್ಬರು ಬರೆದಿದ್ದರೆ ಅಮಾನತಾಗುತ್ತಿದ್ದರು. ನಾವು ಅದನ್ನೇ ನೆಟ್‌ವರ್ಕಿನ ಆರೋಗ್ಯದ ಅಳತೆಗೋಲು ಮಾಡಿಕೊಂಡಿದ್ದೇವೆ.

ಆ ಪಟ್ಟಿಯನ್ನು ಸಬ್‌ನೆಟ್ ದಾಟಿಸಬೇಕೆಂದರೆ ಡೊಮೇನ್ ಬೇಕು, ಎಲ್ಲ ಸಬ್‌ನೆಟ್‌ಗಳ ಪಟ್ಟಿ ಒಟ್ಟುಗೂಡಿಸುವ ಡೊಮೇನ್ ಮಾಸ್ಟರ್ ಬ್ರೌಸರ್ ಬೇಕು, ಹೆಸರು ನೆನಪಿಟ್ಟುಕೊಳ್ಳಲು ವಿನ್ಸ್ ಸರ್ವರ್ ಬೇಕು. ಬರೀ ವರ್ಕ್‌ಗ್ರೂಪ್‌ನಲ್ಲಿರುವ ಕಚೇರಿಗೆ ಅದು ಆಗುವ ಮಾತೇ ಅಲ್ಲ. ಈಗಿನ ವಿಂಡೋಸ್ ಈ ಕೆಲಸಕ್ಕೆ ಬಳಸುವ ಡಬ್ಲ್ಯುಎಸ್-ಡಿಸ್ಕವರಿ 239.255.255.250 ಎಂಬ ಮಲ್ಟಿಕಾಸ್ಟ್ ವಿಳಾಸಕ್ಕೆ, 3702ನೇ ಪೋರ್ಟಿಗೆ ಕೂಗು ಹಾಕುತ್ತದೆ. ಆ ಕೂಗು ಒಂದೇ ಜಾಲದೊಳಗೆ ಸಾಯಲಿ ಎಂದೇ ಅದರ ಆಯುಷ್ಯವನ್ನು ಒಂದು ಹೆಜ್ಜೆಗೆ ಕಟ್ಟಿಹಾಕಿದ್ದಾರೆ. ಆಪಲ್ ಯಂತ್ರಗಳೂ ಪ್ರಿಂಟರ್‌ಗಳೂ ಬಳಸುವ ಎಂಡಿಎನ್‌ಎಸ್ ಕೂಡ 224.0.0.251 ಎಂಬ ತನ್ನ ವಿಳಾಸದೊಂದಿಗೆ ಅದೇ ಗಡಿಯೊಳಗೆ ನಿಲ್ಲುತ್ತದೆ. ಇದನ್ನು ರೂಪಿಸಿದವರು ಬೇಕೆಂದೇ ಹಾಗೆ ಮಾಡಿದ್ದಾರೆ. ಅವರು ಯೋಚಿಸಿ ಹಾಕಿದ ಗಡಿ ನಮ್ಮ ಕಣ್ಣಿಗೆ ರಿಪೇರಿ ಮಾಡಬೇಕಾದ ದೋಷ!

ರಿಪೇರಿಯ ಬಗೆಯನ್ನೂ ನೋಡಿ. ಫೈಲ್ ಹಂಚಿಕೆಯ ಅತಿ ಹಳೆಯ ವಿಧಾನ ಎಸ್‌ಎಂಬಿ 1 ಅನ್ನು ಬಳಸಬೇಡಿ ಎಂದು ಮೈಕ್ರೋಸಾಫ್ಟ್‌ನಲ್ಲಿ ಅದೇ ವಿಭಾಗ ನೋಡಿಕೊಳ್ಳುತ್ತಿದ್ದ ನೆಡ್ ಪೈಲ್ 2016ರ ಸೆಪ್ಟೆಂಬರ್‌ನಲ್ಲೇ ಬಹಿರಂಗವಾಗಿ ಬೇಡಿಕೊಂಡಿದ್ದರು. 2017ರ ಅಕ್ಟೋಬರ್‌ನ ವಿಂಡೋಸ್ 10 ಆವೃತ್ತಿಯಿಂದ ಹೊಸದಾಗಿ ಹಾಕಿದ ಸಿಸ್ಟಂಗಳಲ್ಲಿ ಅದು ಬರುವುದೇ ನಿಂತಿತು. ಅದನ್ನೇ ನೆಚ್ಚಿಕೊಂಡಿದ್ದ ಹಳೆಯ ಐಕಾನ್ ಪಟ್ಟಿಯೂ ಜೊತೆಗೇ ಮಾಯವಾಯಿತು. ಆಗ ನಮ್ಮ ಕಚೇರಿಗಳು ಏನು ಮಾಡಿದವು? 'ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್'ಗೆ ಹೋಗಿ ಎಸ್‌ಎಂಬಿ 1.0ರ ಮುಂದೆ ಟಿಕ್ ಹಾಕಿದವು. ಪಾಸ್‌ವರ್ಡ್ ಇಲ್ಲದೆ ಒಳಗೆ ಬಿಡಲು 'ಇನ್‌ಸೆಕ್ಯೂರ್ ಗೆಸ್ಟ್ ಲಾಗಾನ್' ಎಂಬ ಆಯ್ಕೆಯನ್ನು ಚಾಲೂ ಮಾಡಿದವು. ಅಸುರಕ್ಷಿತ ಎಂದು ಹೆಸರಲ್ಲೇ ಬರೆದಿಟ್ಟರೂ ಕೈ ನಡುಗಲಿಲ್ಲ. ಫೋಲ್ಡರ್‌ಗೆ 'ಎವರಿವನ್, ಫುಲ್ ಕಂಟ್ರೋಲ್' ಕೊಟ್ಟು ಮೀಸೆ ತಿರುವಿದವು.

ಇದರ ಬೆಲೆ ಗೊತ್ತಿಲ್ಲದಿದ್ದರೆ 2017ನ್ನು ನೆನಪಿಸಿಕೊಳ್ಳಿ. ಎಸ್‌ಎಂಬಿ 1ರ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದು ತೇಪೆ ಬಿಡುಗಡೆ ಮಾಡಿತ್ತು. ಮೇ 12ರಂದು ವನ್ನಾಕ್ರೈ ಎಂಬ ಸುಲಿಗೆ ಹುಳ ಬಂತು. ಅದಕ್ಕೆ ಯಾರೂ ಮೋಸದ ಇಮೇಲ್ ತೆರೆದು ಸಹಾಯ ಮಾಡಬೇಕಾಗಿರಲಿಲ್ಲ. ಹೊಕ್ಕ ಕಂಪ್ಯೂಟರಿನ ಸಬ್‌ನೆಟ್‌ನಲ್ಲಿ ಫೈಲ್ ಹಂಚಿಕೆ ನಡೆಯುವ 445ನೇ ಪೋರ್ಟ್ ತೆರೆದಿರುವ ಯಂತ್ರಗಳು ಯಾವುವು ಎಂದು ತಡಕಾಡಿ, ಸಿಕ್ಕಿದ್ದಕ್ಕೆಲ್ಲ ನುಗ್ಗಿತು. ಎಲ್ಲರಿಗೂ ಎಲ್ಲರೂ ಕಾಣಬೇಕೆಂಬ ಆಸೆ ಆ ಹುಳಕ್ಕೂ ಇತ್ತು, ಅದಕ್ಕೆ ನಾವು ಮೊದಲೇ ದಾರಿ ಗುಡಿಸಿಟ್ಟಿದ್ದೆವು. 150ಕ್ಕೂ ಹೆಚ್ಚು ದೇಶಗಳಲ್ಲಿ ಎರಡು ಲಕ್ಷಕ್ಕೂ ಮೀರಿದ ಕಂಪ್ಯೂಟರ್‌ಗಳು ಕೈಕೊಟ್ಟವು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯ 236 ಟ್ರಸ್ಟ್‌ಗಳಲ್ಲಿ ಕನಿಷ್ಠ 80ಕ್ಕೆ ಪೆಟ್ಟು ಬಿತ್ತು, ಸಾವಿರಾರು ರೋಗಿಗಳ ಭೇಟಿ, ಶಸ್ತ್ರಚಿಕಿತ್ಸೆಗಳು ರದ್ದಾದವು.

"ಅಪ್‌ಡೇಟ್ ಹಾಕಿಕೊಂಡಿದ್ದರೆ ಆಗುತ್ತಿತ್ತಲ್ಲ" ಎನ್ನುವವರಿಗೆ ಏಳು ವಾರ ಕಳೆಯುವುದರೊಳಗೆ ಉತ್ತರ ಸಿಕ್ಕಿತು. ಜೂನ್ 27ರಂದು ಉಕ್ರೇನಿನ ಲೆಕ್ಕಪತ್ರ ತಂತ್ರಾಂಶವೊಂದರ ಅಪ್‌ಡೇಟ್ ಮೂಲಕವೇ ಹೊರಟ ಮತ್ತೊಂದು ಹುಳ ನಾಟ್‌ಪೆಟ್ಯಾ ಅದೇ ದೋಷವನ್ನೂ ಬಳಸಿತು, ಜೊತೆಗೆ ಇನ್ನೊಂದು ಕಸುಬನ್ನೂ ಕಲಿತು ಬಂದಿತ್ತು. ಸಿಕ್ಕಿಬಿದ್ದ ಯಂತ್ರದ ನೆನಪಿನಿಂದ ಪಾಸ್‌ವರ್ಡ್‌ಗಳನ್ನು ಕದ್ದು, ಅಡ್ಮಿನ್‌ಗಳು ದಿನನಿತ್ಯ ಬಳಸುವ ಉಪಕರಣಗಳನ್ನೇ ಹಿಡಿದು ಪಕ್ಕದ ಯಂತ್ರಕ್ಕೆ ರಾಜಮಾರ್ಗದಲ್ಲಿ ಹೋಗುತ್ತಿತ್ತು. ಪೂರ್ತಿ ಅಪ್‌ಡೇಟ್ ಆದ ಯಂತ್ರವೂ ಬಾಗಿಲು ತೆರೆದು ಬರಮಾಡಿಕೊಂಡಿತು. ಡೆನ್ಮಾರ್ಕಿನ ಹಡಗು ಕಂಪನಿ ಮೇರ್ಸ್ಕ್ ಹತ್ತು ದಿನಗಳಲ್ಲಿ 4,000 ಸರ್ವರ್, 45,000 ಪಿಸಿಗಳನ್ನು ಮತ್ತೆ ಹೊಸದಾಗಿ ಕಟ್ಟಬೇಕಾಯಿತು. ಅದರ ಅಧ್ಯಕ್ಷರೇ ದಾವೋಸ್‌ನಲ್ಲಿ ಹೇಳಿದ ಲೆಕ್ಕ ಇದು. ನಮ್ಮ ನವಶೇವಾದ ಜವಾಹರಲಾಲ್ ನೆಹರೂ ಬಂದರಿನಲ್ಲಿ ಅದರ ಬಳಗದ ಟರ್ಮಿನಲ್ ನಿಂತುಹೋಯಿತು.

ಮೇರ್ಸ್ಕ್ ಬದುಕಿಕೊಂಡ ಕಥೆಯನ್ನು 'ಕಾಣಬೇಕು' ಪಕ್ಷದವರು ಗೋಡೆಗೆ ಅಂಟಿಸಿಕೊಳ್ಳಬೇಕು. ಬಳಕೆದಾರರ ಖಾತೆಗಳನ್ನೆಲ್ಲ ಹಿಡಿದಿಡುವ ಡೊಮೇನ್ ಕಂಟ್ರೋಲರ್‌ಗಳು ಪ್ರಪಂಚದಾದ್ಯಂತ ಅಳಿಸಿಹೋಗಿದ್ದವು. ಪ್ರತಿಯೊಂದೂ ಇನ್ನೊಂದರ ನಕಲು, ಹಾಗಾಗಿ ಒಂದು ಹೋದರೆ ಇನ್ನೊಂದಿದೆ ಎಂಬ ಭರವಸೆ ಇತ್ತು. ಎಲ್ಲವೂ ಒಂದಕ್ಕೊಂದು ಸಿಗುತ್ತಿದ್ದುದರಿಂದ ಎಲ್ಲವೂ ಒಟ್ಟಿಗೇ ಹೋದವು. ಕೊನೆಗೆ ಒಂದೇ ಒಂದು ಪ್ರತಿ ಉಳಿದದ್ದು ಘಾನಾದಲ್ಲಿ. ಕಾರಣ? ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿ ಆ ಯಂತ್ರ ಜಾಲದಿಂದ ಕಡಿದುಹೋಗಿತ್ತು. ಇಡೀ ಕಂಪನಿಯನ್ನು ಮತ್ತೆ ಎಬ್ಬಿಸಿದ್ದು ಯಾರಿಗೂ ಕಾಣದಿದ್ದ ಆ ಒಂದು ಕಂಪ್ಯೂಟರ್. ನಮ್ಮ ಯಾವುದಾದರೂ ಕಚೇರಿಯಲ್ಲಾಗಿದ್ದರೆ ಹತ್ತು ನಿಮಿಷದೊಳಗೆ "ಘಾನಾ ಕಾಣಿಸ್ತಾ ಇಲ್ಲ" ಎಂದು ದೂರು ದಾಖಲಾಗಿರುತ್ತಿತ್ತು.

ಹೊರದೇಶದ ಮಾತು ಬಿಡಿ ಎನ್ನುತ್ತೀರಾ? ದೆಹಲಿಯ ಏಮ್ಸ್‌ಗೆ ಬನ್ನಿ. 2022ರ ನವೆಂಬರ್ 23ರಂದು ಅಲ್ಲಿನ ಸರ್ವರ್‌ಗಳು ಸುಲಿಗೆಕೋರರ ಕೈಗೆ ಸಿಕ್ಕವು. ಹೊರರೋಗಿಗಳ ನೋಂದಣಿ, ಒಳರೋಗಿಗಳ ದಾಖಲೆ, ಪ್ರಯೋಗಾಲಯದ ವರದಿ, ಎಲ್ಲವೂ ಕಾಗದ ಪೆನ್ನಿಗೆ ಇಳಿದವು, ಅದೂ ಸುಮಾರು ಎರಡು ವಾರ. ಐದು ಸರ್ವರ್‌ಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ಮಾಹಿತಿಗೆ ಬೀಗ ಬಿದ್ದಿತ್ತು. ಏಕೆ ಹೀಗಾಯಿತು ಎಂಬ ಪ್ರಶ್ನೆಗೆ ಆಗ ಕರ್ನಾಟಕದಿಂದ ರಾಜ್ಯಸಭೆಯಲ್ಲಿದ್ದ ಸಚಿವ ರಾಜೀವ್ ಚಂದ್ರಶೇಖರ್ ಸಂಸತ್ತಿಗೆ ಕೊಟ್ಟ ಲಿಖಿತ ಉತ್ತರದಲ್ಲಿ ಕಾರಣ ಸ್ಪಷ್ಟವಾಗಿದೆ: ಜಾಲವನ್ನು ಸರಿಯಾಗಿ ಭಾಗ ಮಾಡಿರಲಿಲ್ಲ. ದೇಶದ ಅತ್ಯುನ್ನತ ಆಸ್ಪತ್ರೆಯ ಬಗ್ಗೆ ಸರ್ಕಾರವೇ ಒಪ್ಪಿಕೊಂಡ ಕಾರಣ ಇದು. ಅದಾದ ಮೇಲೆ ಎಷ್ಟು ಆಸ್ಪತ್ರೆಗಳ ಆಡಳಿತ ಮಂಡಳಿಗಳು ತಮ್ಮ ಜಾಲದ ನಕ್ಷೆ ತರಿಸಿ ನೋಡಿದವು? ಎಷ್ಟು ಕಡೆ ಎಕ್ಸ್‌ರೇ ಯಂತ್ರದ ಕಂಪ್ಯೂಟರ್, ಕ್ಯಾಂಟೀನಿನ ಬಿಲ್ಲಿಂಗ್, ಔಷಧದಂಗಡಿ, ಡಾಕ್ಟರ ಲ್ಯಾಪ್‌ಟಾಪ್ ಎಲ್ಲವೂ ಇವತ್ತಿಗೂ 192.168.1 ಎಂಬ ಒಂದೇ ಸೂರಿನಡಿ ಸುಖವಾಗಿ ಸಂಸಾರ ಮಾಡುತ್ತಿಲ್ಲ?

ಇದಕ್ಕೆ ಎದುರಾದ ಉದಾಹರಣೆಯೂ ನಮ್ಮಲ್ಲೇ ಇದೆ. 2019ರಲ್ಲಿ ಕೂಡಂಕುಳಂ ಅಣುವಿದ್ಯುತ್ ಸ್ಥಾವರದ ಆಡಳಿತ ಜಾಲದ ಒಂದು ಪಿಸಿಯಲ್ಲಿ ಮಾಲ್‌ವೇರ್ ಸಿಕ್ಕಿದ್ದನ್ನು ಅಣುವಿದ್ಯುತ್ ನಿಗಮ ಅಕ್ಟೋಬರ್ 30ರಂದು ಒಪ್ಪಿಕೊಂಡಿತು (ಹಿಂದಿನ ದಿನ ಸ್ಥಾವರ ಅಂಥ ಸಾಧ್ಯತೆಯನ್ನೇ ತಳ್ಳಿಹಾಕಿತ್ತು, ಅದು ಬೇರೆ ನಾಚಿಕೆ). ನಿಗಮ ಕೊಟ್ಟ ಸಮಾಧಾನ ಒಂದೇ: ಇಂಟರ್ನೆಟ್ ತಾಗಿದ ಆ ಆಡಳಿತ ಜಾಲಕ್ಕೂ ಸ್ಥಾವರದ ಮುಖ್ಯ ಒಳಜಾಲಕ್ಕೂ ಸಂಪರ್ಕವಿಲ್ಲ. "ಪ್ಲಾಂಟ್ ಸಿಸ್ಟಂಗಳು ನನ್ನ ಟೇಬಲ್ಲಿಂದ ಕಾಣಿಸ್ತಿಲ್ಲ, ಸ್ವಲ್ಪ ಸರಿ ಮಾಡ್ಕೊಡಿ" ಎಂದು ಅಲ್ಲಿನ ಯಾರಾದರೂ ಅಧಿಕಾರಿ ಗದರಿಸಿದ್ದರೆ, ಗದರಿಕೆಗೆ ಹೆದರಿ ಒಬ್ಬ ತಂತ್ರಜ್ಞ ಕೇಬಲ್ ಎಳೆದಿದ್ದರೆ, ಆ ಹೇಳಿಕೆ ಬರೆಯಲು ಯಾರ ಕೈ ಬರುತ್ತಿತ್ತು?

"ಸಾರ್, ನಮ್ಮದು ಸಣ್ಣ ಆಫೀಸು, ನಮ್ಮ ಮೇಲೆ ಯಾರು ದಾಳಿ ಮಾಡ್ತಾರೆ" ಎಂಬ ವಿನಯಕ್ಕೆ ಈಗ ಬರೋಣ. ಯಾರೂ ನಿಮ್ಮ ಹೆಸರು ಹಿಡಿದು ಹುಡುಕುವುದಿಲ್ಲ, ನಿಜ. ವನ್ನಾಕ್ರೈಗೆ ಬ್ರಿಟನ್ನಿನ ಆಸ್ಪತ್ರೆಯ ಹೆಸರೂ ಗೊತ್ತಿರಲಿಲ್ಲ, ತೆರೆದ ಪೋರ್ಟ್ ಗೊತ್ತಿತ್ತು. ಸಣ್ಣ ಕಚೇರಿಯಲ್ಲೇ ನಷ್ಟ ಹೆಚ್ಚು ಮಾರಕ, ಏಕೆಂದರೆ ಅಲ್ಲಿ ಟ್ಯಾಲಿ ಡೇಟಾ ಫೋಲ್ಡರ್ ಎಲ್ಲರಿಗೂ ಪೂರ್ತಿ ಹಕ್ಕಿನೊಂದಿಗೆ ಶೇರ್ ಆಗಿರುತ್ತದೆ, ಅದರ ಬ್ಯಾಕಪ್ ಕೂಡ ಪಕ್ಕದ ಸಿಸ್ಟಂನ ಇನ್ನೊಂದು ಶೇರ್ ಫೋಲ್ಡರ್‌ನಲ್ಲೇ ಇರುತ್ತದೆ. ಸುಲಿಗೆ ತಂತ್ರಾಂಶಗಳು ಕಾಣುವ ಶೇರ್‌ಗಳನ್ನೆಲ್ಲ ಹುಡುಕಿ ಬೀಗ ಹಾಕುತ್ತವೆ. ಮೂಲವೂ ಹೋಯಿತು, ಬ್ಯಾಕಪ್ಪೂ ಹೋಯಿತು. ಜಿಎಸ್‌ಟಿ ಲೆಕ್ಕ ಸಲ್ಲಿಸುವ ಕೊನೆಯ ದಿನ ಮಾತ್ರ ಹೋಗುವುದಿಲ್ಲ.

"ಒಳಗಿರೋರೆಲ್ಲ ನಮ್ಮವರೇ" ಎನ್ನುವುದು ಮುಂದಿನ ಸಮಾಧಾನ. ಅಮೆರಿಕದ ಟಾರ್ಗೆಟ್ ಮಳಿಗೆಗಳಿಗೆ 2013ರಲ್ಲಿ ಕಳ್ಳರು ಹೊಕ್ಕಿದ್ದು ಹವಾನಿಯಂತ್ರಣದ ಕೆಲಸ ಮಾಡುತ್ತಿದ್ದ ಗುತ್ತಿಗೆದಾರರ ಲಾಗಿನ್ ಕದ್ದು. ಅಲ್ಲಿಂದ ಗಲ್ಲಾಪೆಟ್ಟಿಗೆಯ ಯಂತ್ರಗಳವರೆಗೆ ದಾರಿ ಸಿಕ್ಕಿತು, ನಾಲ್ಕು ಕೋಟಿ ಕಾರ್ಡುಗಳ ವಿವರ ಹೊರಗೆ ಹೋಯಿತು. ನಮ್ಮ ಕಚೇರಿಯ 'ನಮ್ಮವರ' ಪಟ್ಟಿಯಲ್ಲಿ ಯಾರಿದ್ದಾರೆ? ಸಿಸಿಟಿವಿ ಡಿವಿಆರ್ ಇದೆ, ಕೂರಿಸಿದ ದಿನದ ಪಾಸ್‌ವರ್ಡೇ ಅದಕ್ಕೆ ಇಂದಿಗೂ. ಬಯೋಮೆಟ್ರಿಕ್ ಹಾಜರಿ ಯಂತ್ರ ಇದೆ. ಸ್ಮಾರ್ಟ್ ಟಿವಿ ಇದೆ. ಮಗಳ ಪ್ರಾಜೆಕ್ಟ್ ಪ್ರಿಂಟ್ ತೆಗೆಯಲು ಯಾರೋ ತಂದು ಚುಚ್ಚಿದ ಪೆನ್‌ಡ್ರೈವ್ ಇದೆ. ಇವೆಲ್ಲಕ್ಕೂ ಸಂಬಳದ ಪಟ್ಟಿ ಕಾಣಬೇಕೇ?

ಇನ್ನೊಂದು ಆರೋಪವನ್ನು ತಂತ್ರಜ್ಞರೂ ಸಾಮಾನ್ಯವಾಗಿ ಮರೆಯುತ್ತಾರೆ. ಕಾಣಿಸಿಕೊಳ್ಳುವ ಈ ವಿಧಾನವೇ ಒಂದು ತೂತು. ಹೆಸರಿಗೆ ವಿಳಾಸ ಕೊಡುವ ಡಿಎನ್‌ಎಸ್‌ನಲ್ಲಿ ಹೆಸರು ಸಿಗದಿದ್ದಾಗ ವಿಂಡೋಸ್ ಯಂತ್ರ ಎಲ್‌ಎಲ್‌ಎಂಎನ್‌ಆರ್, ನೆಟ್‌ಬಯಾಸ್ ಮೂಲಕ "ಈ ಹೆಸರಿನವರು ಯಾರಪ್ಪಾ" ಎಂದು ಇಡೀ ಜಾಲಕ್ಕೆ ಕೇಳುತ್ತದೆ. "ನಾನೇ" ಎಂದವರನ್ನು ಗುರುತು ಕೇಳದೆ ನಂಬಿ, ತನ್ನ ಪಾಸ್‌ವರ್ಡಿನ ಹ್ಯಾಶ್ ಆಧರಿಸಿದ ಉತ್ತರವನ್ನು ಒಪ್ಪಿಸುತ್ತದೆ. ಹೀಗೆ 'ನಾನೇ' ಎಂದು ಸುಳ್ಳು ಹೇಳಿ ಅದನ್ನು ಸಂಗ್ರಹಿಸಲೆಂದೇ 'ರೆಸ್ಪಾಂಡರ್' ಎಂಬ ಉಚಿತ ಉಪಕರಣವಿದೆ. ಭದ್ರತೆ ಪರೀಕ್ಷೆಗೆ ಬರುವವರು ಹೊಸ ಕಚೇರಿಯಲ್ಲಿ ಬಹಳಷ್ಟು ಸಲ ಮೊದಲು ತೆರೆಯುವುದೇ ಅದನ್ನು. ವಿಭಾಗಗಳನ್ನೆಲ್ಲ ಕರಗಿಸಿ ಒಂದೇ ದೊಡ್ಡ ಬ್ರಾಡ್‌ಕಾಸ್ಟ್ ಜಾಲ ಮಾಡುವುದೆಂದರೆ ಅಂಥವರ ಕಿವಿಗೆ ಬೀಳುವ ಕೂಗುಗಳ ಸಂಖ್ಯೆಯನ್ನು ನಮ್ಮ ಖರ್ಚಿನಲ್ಲೇ ಹೆಚ್ಚಿಸುವುದು.

ಹಾಗಾದರೆ ಕೆಲಸ ನಡೆಯುವುದು ಹೇಗೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದನ್ನು ಕೇಳುವವರಿಗೆ ನನ್ನದೊಂದು ಮರುಪ್ರಶ್ನೆ: ನಿಮಗೆ ನಿಜವಾಗಿ ಬೇಕಿರುವುದೇನು? ಮೇಲಿನ ಮಹಡಿಯ ಹದಿನೆಂಟು ಕಂಪ್ಯೂಟರ್‌ಗಳ ದರ್ಶನವೇ? ಬೇಕಿರುವುದು ಒಂದು ಫೈಲು, ಒಂದು ಪ್ರಿಂಟರು, ಒಂದು ಲೆಕ್ಕದ ತಂತ್ರಾಂಶ. ಅದಕ್ಕೆ ಯಾವ ಐಕಾನ್ ಪಟ್ಟಿಯೂ ಬೇಡ. ಫೈಲುಗಳನ್ನು ಒಂದು ಸರ್ವರ್‌ನಲ್ಲಿಡಿ, ಸಣ್ಣ ಕಚೇರಿಯಾದರೆ ಜಾಲಕ್ಕೆ ಜೋಡಿಸುವ ಒಂದು ಸಂಗ್ರಹ ಪೆಟ್ಟಿಗೆ (ನ್ಯಾಸ್) ಸಾಕು. ಅದಕ್ಕೆ ಡಿಎನ್‌ಎಸ್‌ನಲ್ಲಿ ಒಂದು ಹೆಸರು ಕೊಡಿ. ಕೂಗಾಡದೆ ಹೆಸರು ಕೇಳಿ ವಿಳಾಸ ಪಡೆಯುವ ಆ ವ್ಯವಸ್ಥೆಯನ್ನು ಪಾಲ್ ಮೊಕಪೆಟ್ರಿಸ್ ರೂಪಿಸಿದ್ದೂ ನೆಟ್‌ಬಯಾಸ್ ಹುಟ್ಟಿದ 1983ರಲ್ಲೇ. ನಾವು ನಾಲ್ಕು ದಶಕ ತಪ್ಪು ಅವಳಿಯನ್ನು ಮುದ್ದಾಡಿದ್ದೇವೆ. ಲೆಕ್ಕಪತ್ರ ವಿಭಾಗದ ಸಬ್‌ನೆಟ್‌ನಿಂದ ಆ ಸರ್ವರ್‌ನ 445ನೇ ಪೋರ್ಟಿಗೆ ಮಾತ್ರ ರೌಟರ್‌ನಲ್ಲಿ ಅನುಮತಿ ಬರೆಯಿರಿ. ಬಳಕೆದಾರರಿಗೆ ಡ್ರೈವ್ ಮ್ಯಾಪ್ ಮಾಡಿಕೊಡಿ. ಪ್ರಿಂಟರ್‌ಗೆ ಪ್ರಿಂಟ್ ಸರ್ವರ್‌ನಿಂದ ಮಾತ್ರ ದಾರಿ ಇರಲಿ. ಗದ್ದೆಗೆ ಬದು ಕಟ್ಟಿದ ರೈತ ಕೆಳಗಿನ ಮಡಿಗೆ ನೀರು ಹಾಯಿಸಲು ಒಂದು ಕಂಡಿ ಬಿಡುತ್ತಾನೆ, ಬೇಕಾದಾಗ ತೆರೆಯುತ್ತಾನೆ, ಸಾಕಾದಾಗ ಮುಚ್ಚುತ್ತಾನೆ. ನೀರು ಹೋಗುತ್ತಿಲ್ಲವೆಂದು ಬದುವನ್ನೇ ಅಗೆದು ಸಮ ಮಾಡುವುದಿಲ್ಲ.

ರೌಟಿಂಗ್ ಸರಿ ಇದ್ದರೂ ಬೇರೆ ಸಬ್‌ನೆಟ್‌ನಿಂದ ಶೇರ್ ತೆರೆಯದೆ ತಲೆ ಕೆಡಿಸಿಕೊಳ್ಳುವವರಿಗೆ ಒಂದು ಗುಟ್ಟು. ಡೊಮೇನ್ ಇಲ್ಲದ ಸಿಸ್ಟಂನಲ್ಲಿ ವಿಂಡೋಸ್ ಫೈರ್‌ವಾಲ್‌ನ 'ಫೈಲ್ ಅಂಡ್ ಪ್ರಿಂಟರ್ ಶೇರಿಂಗ್' ನಿಯಮಗಳು 'ಲೋಕಲ್ ಸಬ್‌ನೆಟ್' ಎಂಬ ಮಿತಿಯೊಂದಿಗೇ ಬರುತ್ತವೆ. ಸರ್ವರ್ ಯಂತ್ರವೊಂದರಲ್ಲಿ ಆ ನಿಯಮದ ಸ್ಕೋಪ್‌ಗೆ ಬೇಕಾದ ಸಬ್‌ನೆಟ್‌ನ ವಿಳಾಸ ಸೇರಿಸಿದರೆ ಮುಗಿಯಿತು. ಎರಡು ನಿಮಿಷದ ಕೆಲಸ. ಅದು ಗೊತ್ತಿಲ್ಲದ ಕಾರಣಕ್ಕೇ ಎಷ್ಟು ಕಚೇರಿಗಳಲ್ಲಿ ಇಡೀ ಫೈರ್‌ವಾಲ್ ವರ್ಷಗಟ್ಟಲೆ ಆರಿ ಮಲಗಿದೆ! ತಪ್ಪು ಆ ಹುಡುಗನೊಬ್ಬನದೇ ಅಲ್ಲ. ನೆಟ್‌ವರ್ಕಿಂಗ್ ಕಲಿಸುವ ಎಷ್ಟೋ ತರಬೇತಿ ಕೇಂದ್ರಗಳಲ್ಲಿ ಮೊದಲ ಪಾಠ ಪಿಂಗ್, ಪಿಂಗ್ ಬರದಿದ್ದರೆ ಫೈರ್‌ವಾಲ್ ಆಫ್ ಮಾಡುವುದು ಎರಡನೆಯ ಪಾಠ. ಮೂರನೆಯ ಪಾಠ ಮುಟ್ಟುವ ಹೊತ್ತಿಗೆ ಸರ್ಟಿಫಿಕೇಟ್ ಕೈಸೇರಿರುತ್ತದೆ.

ಇಷ್ಟಕ್ಕೆಲ್ಲ ದುಡ್ಡು ಬೇಕು ಎಂಬ ಕೊನೆಯ ಗೋಗರೆತವೂ ನಿಲ್ಲುವುದಿಲ್ಲ. ಉದ್ಯೋಗಿಗಳ ಪಿಸಿಗಳು ತಮ್ಮೊಳಗೆ 445ನೇ ಪೋರ್ಟಿನಲ್ಲಿ ಮಾತಾಡದಂತೆ ತಡೆಯಲು ವಿಂಡೋಸ್‌ನ ಜೊತೆಗೇ ಬಂದಿರುವ ಫೈರ್‌ವಾಲ್ ಸಾಕು. ಹಾಗೆ ಮಾಡಿ ಎಂದು ಮೈಕ್ರೋಸಾಫ್ಟೇ ಸಲಹೆ ಕೊಡುತ್ತದೆ. ಎಲ್‌ಎಲ್‌ಎಂಎನ್‌ಆರ್ ನಿಲ್ಲಿಸಲು ಒಂದು ಪಾಲಿಸಿ, ನೆಟ್‌ಬಯಾಸ್ ನಿಲ್ಲಿಸಲು ಒಂದು ಟಿಕ್. ಬಹುತೇಕ ವೈಫೈ ಪೆಟ್ಟಿಗೆಗಳಲ್ಲಿ ಅತಿಥಿಗಳನ್ನು ಪರಸ್ಪರ ಮರೆಮಾಡುವ ಆಯ್ಕೆ ಇದ್ದೇ ಇದೆ. ಇವುಗಳಲ್ಲಿ ಯಾವುದಕ್ಕೆ ಟೆಂಡರ್ ಬೇಕು? ದುಡ್ಡು ನಿಜವಾಗಿ ಬೇಕಾಗುವುದು ಆಮೇಲೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆಯಲ್ಲಿ ಜನರ ಮಾಹಿತಿಗೆ ಸೂಕ್ತ ರಕ್ಷಣೆ ಕೊಡದವರಿಗೆ ದಂಡದ ಮೇಲ್ಮಿತಿ 250 ಕೋಟಿ ರೂಪಾಯಿ. "ಎಲ್ಲರಿಗೂ ಕಾಣ್ಲಿ ಅಂತ ಬಿಟ್ಟಿದ್ವಿ" ಎಂಬ ಸಮಜಾಯಿಷಿಯನ್ನು ಅಲ್ಲಿ ಯಾರೂ ಮೆಚ್ಚಿಕೊಳ್ಳುವುದಿಲ್ಲ.

ಬದಲಾಗಬೇಕಾದದ್ದು ಸಹಿ ಹಾಕುವವರ ಕಡೆಯಿಂದ. ಟೆಂಡರ್‌ಗಳಲ್ಲಿ ಕಣ್ಣುಮುಚ್ಚಿ ಬರೆಯುವ 'ಎಲ್ಲ ಸಿಸ್ಟಂಗಳನ್ನೂ ಪರಸ್ಪರ ನೆಟ್‌ವರ್ಕ್ ಮಾಡಿಕೊಡತಕ್ಕದ್ದು' ಎಂಬ ಷರತ್ತನ್ನು ಹೊಡೆದು ಹಾಕಿ. ಅದರ ಜಾಗದಲ್ಲಿ ಯಾವ ವಿಭಾಗದಿಂದ ಯಾವ ಸರ್ವರಿಗೆ, ಯಾವ ಪೋರ್ಟಿನಲ್ಲಿ, ಯಾವ ಕೆಲಸಕ್ಕೆ ಎಂಬ ಕೋಷ್ಟಕ ಇರಲಿ. ಕೋಷ್ಟಕದಲ್ಲಿ ಇಲ್ಲದ್ದು ಮುಚ್ಚಿರಲಿ. 'ಎನಿ ಟು ಎನಿ' ಸಾಲು ಬರೆಯುವ ಅಧಿಕಾರ ಎಎಂಸಿ ಹುಡುಗನಿಗೆ ಬೇಡ. ಬರೆಯಲೇಬೇಕೆಂದರೆ ಕಚೇರಿಯ ಮುಖ್ಯಸ್ಥರು ಕಾರಣ, ಮುಗಿಯುವ ದಿನಾಂಕ ಎರಡನ್ನೂ ಬರೆದು ತಮ್ಮ ಹೆಸರಿನಲ್ಲಿ ಸಹಿ ಹಾಕಲಿ. ಆಡಿಟರ್‌ಗಳು ನಕ್ಷೆ ನೋಡಿ ತಲೆಯಾಡಿಸುವುದು ನಿಲ್ಲಿಸಲಿ. ಸ್ವಾಗತ ಕೌಂಟರ್‌ನ ಕಂಪ್ಯೂಟರ್ ಮುಂದೆ ಕೂತು, ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಲೆಕ್ಕಾಧಿಕಾರಿಯ ಸಿಸ್ಟಂನ ಹೆಸರು ಒತ್ತಲಿ. ತೆರೆದುಕೊಂಡರೆ, ತೆರೆಯಲು ಅನುಮತಿ ಕೊಟ್ಟವರು ಯಾರೆಂದು ಅಲ್ಲೇ, ಆಗಲೇ, ಬರವಣಿಗೆಯಲ್ಲಿ ಕೇಳಲಿ. ಉತ್ತರ ಬರುವವರೆಗೆ ಆ ಕಚೇರಿಯ ನೆಟ್‌ವರ್ಕ್ ಬಿಲ್ಲನ್ನು ಪಾಸು ಮಾಡದಿರಲಿ.